ಗಣಕದ ಕಳೆ ಕೀಳುವ ಬಗೆ

ಹೊಲದಲ್ಲಿ ಬೆಳೆಯ ನಡುವೆ ಜೇಕು ಹುಟ್ಟಿದರೆ ತಿಳಿದ ರೈತನು ಅದರ ಗರಿಯನ್ನಷ್ಟೇ ಕೊಯ್ದು ಸುಮ್ಮನಾಗುವುದಿಲ್ಲ. ನೆಲದೊಳಗಿನ ಗಡ್ಡೆ ಉಳಿದಿರುವವರೆಗೆ ಆ ಕಳೆ ಮತ್ತೆ ಚಿಗುರುತ್ತಲೇ ಇರುತ್ತದೆ ಎಂಬುದನ್ನು ಅವನು ಅನುಭವದಿಂದ ಬಲ್ಲನು. ಗಣಕಯಂತ್ರದಲ್ಲಿಯೂ ಇಂತಹ ಕಳೆಗಳುಂಟು. ಅವನ್ನು ಅಳಿಸಿದಂತೆ ತೋರುತ್ತದೆ. ಯಂತ್ರವನ್ನು ಮರುದಿನ ಚಾಲೂ ಮಾಡಿದಾಗ ಅವು ಮತ್ತೆ ಕಾಣಿಸಿಕೊಳ್ಳುತ್ತವೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ‘ಪರಿಸರ ಚರ’ಗಳೆಂದರೇನು, ಅವುಗಳಲ್ಲಿ ಬೇಡವಾದುದರ ಬೇರನ್ನು ಹುಡುಕಿ ತೆಗೆಯುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಬೀಜಗಣಿತದಲ್ಲಿ ಚರವೆಂದರೆ ಬೇರೆ ಬೇರೆ ಬೆಲೆಗಳನ್ನು ತಳೆಯಬಲ್ಲ ಅಕ್ಷರವೆಂದು ನೀವು ಓದಿದ್ದೀರಿ. ಗಣಕದ ಪರಿಸರ ಚರವೂ ಅಂತಹುದೇ. ಅದಕ್ಕೊಂದು ಹೆಸರು, ಒಂದು ಬೆಲೆ. ಇವೆರಡರ ನಡುವೆ ಒಂದು ಸಮಚಿಹ್ನೆ. ಗಣಕದಲ್ಲಿ ಯಾವುದೇ ಕ್ರಮವಿಧಿ ಕೆಲಸಕ್ಕೆ ತೊಡಗುವಾಗ ಇಂತಹ ಹಲವು ಚರಗಳನ್ನು ಬರೆದ ಒಂದು ಪಟ್ಟಿಯನ್ನು ಅದರ ಕೈಗೆ ಕೊಡಲಾಗುತ್ತದೆ. ಈ ಪಟ್ಟಿಗೇ ‘ಪರಿಸರ’ವೆಂದು ಹೆಸರು. ಪರವೂರಿಗೆ ಹೊರಟ ಮಗನಿಗೆ ತಂದೆ ಇಳಿಯಬೇಕಾದ ಮನೆ, ಹಿಡಿಯಬೇಕಾದ ದಾರಿ, ಆಡಬೇಕಾದ ಮಾತು ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಡುವಂತೆಯೇ ಇದು.

ಈ ಏರ್ಪಾಡು ಲಿನಕ್ಸಿಗಿಂತಲೂ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಲಾರಂಭಿಸಿದರು. 1979ರಲ್ಲಿ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಪರಿಸರ ಚರಗಳು ಬಳಕೆಗೆ ಬಂದವು. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಯೂನಿಕ್ಸಿನ ಮಾದರಿಯಲ್ಲಿ ಲಿನಕ್ಸನ್ನು ರಚಿಸಿದಾಗ ಈ ಪದ್ಧತಿಯೂ ಅದರೊಳಗೆ ಸೇರಿತು. ಇಂದಿಗೂ ಅದು ಹಾಗೆಯೇ ನಡೆದುಬಂದಿದೆ.

ನಿತ್ಯದ ಬಳಕೆಯಲ್ಲಿರುವ ಕೆಲವು ಚರಗಳನ್ನು ನೋಡೋಣ. ‘ಹೋಮ್’ ಎಂಬ ಚರವು ಬಳಕೆದಾರನ ಸ್ವಂತ ಕಡತಕೋಶ ಎಲ್ಲಿದೆಯೆಂಬುದನ್ನು ತಿಳಿಸುತ್ತದೆ. ‘ಪಾತ್’ ಎಂಬುದು ನಾವು ಬರೆದ ಆಜ್ಞೆಯ ಕ್ರಮವಿಧಿಯನ್ನು ಯಾವ ಯಾವ ಕೋಶಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಹೇಳುತ್ತದೆ. ‘ಲ್ಯಾಂಗ್’ ಎಂಬುದು ಬಳಕೆದಾರನ ಭಾಷೆಯನ್ನು, ಅವನ ದೇಶವನ್ನು ಮತ್ತು ಅಕ್ಷರಗಳನ್ನು ಸಂಕೇತಿಸುವ ಪದ್ಧತಿಯನ್ನು ಸೂಚಿಸುತ್ತದೆ. ಕನ್ನಡಕ್ಕೆ ‘ಕೆಎನ್’, ಇಂಡಿಯಾ ದೇಶಕ್ಕೆ ‘ಐಎನ್’, ಅಕ್ಷರ ಸಂಕೇತಕ್ಕೆ ‘ಯುಟಿಎಫ್-8’ ಎಂದು ಅದರಲ್ಲಿ ಬರೆದಿದ್ದರೆ, ಕನ್ನಡಕ್ಕೆ ಅನುವಾದಗೊಂಡಿರುವ ಕ್ರಮವಿಧಿಗಳು ತಮ್ಮ ಸೂಚನೆಗಳನ್ನು ಕನ್ನಡದಲ್ಲಿಯೇ ತೋರಿಸುತ್ತವೆ.

ಪರಿಸರದ ವಿಷಯದಲ್ಲಿ ಮುಖ್ಯವಾಗಿ ನೆನಪಿಡಬೇಕಾದ ನಿಯಮವೊಂದಿದೆ. ಗಣಕದಲ್ಲಿ ನಡೆಯುತ್ತಿರುವ ಕ್ರಮವಿಧಿಗೆ ‘ಪ್ರಕ್ರಿಯೆ’ ಎನ್ನುತ್ತಾರೆ. ಒಂದು ಪ್ರಕ್ರಿಯೆ ಇನ್ನೊಂದನ್ನು ಹುಟ್ಟಿಸಿದಾಗ ಮೊದಲನೆಯದನ್ನು ತಾಯಿ ಎಂದೂ ಎರಡನೆಯದನ್ನು ಮಗು ಎಂದೂ ಕರೆಯಬಹುದು. ತಾಯಿ ತನ್ನ ಪಟ್ಟಿಯ ಒಂದು ನಕಲನ್ನು ಮಗುವಿಗೆ ಕೊಡುತ್ತದೆ. ಮಗುವಿಗೆ ದೊರೆಯುವುದು ನಕಲು ಮಾತ್ರ. ಮೂಲಪಟ್ಟಿ ತಾಯಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಮಗು ತನ್ನ ನಕಲಿನಲ್ಲಿ ಏನನ್ನು ಹೊಡೆದುಹಾಕಿದರೂ ತಾಯಿಯ ಪಟ್ಟಿ ಬದಲಾಗದು. ಹಾಗೆಯೇ, ಮಗು ಹುಟ್ಟಿದ ಮೇಲೆ ತಾಯಿ ತನ್ನ ಪಟ್ಟಿಯನ್ನು ತಿದ್ದಿಕೊಂಡರೆ ಆ ತಿದ್ದುಪಡಿ ಮಗುವಿಗೆ ತಲುಪದು. ಬೇಡದ ಚರವನ್ನು ಒಂದು ಕಡೆ ತೆಗೆದರೂ ಅದು ಮತ್ತೊಂದು ಕಡೆ ಏಕೆ ಉಳಿದಿರುತ್ತದೆ ಎಂಬ ಪ್ರಶ್ನೆಗೆ ಈ ನಿಯಮದಲ್ಲಿಯೇ ಉತ್ತರವಿದೆ.

ಹಾಗಾದರೆ ಪಟ್ಟಿಯಲ್ಲಿರುವ ಚರಗಳನ್ನು ಮೊದಲು ಬರೆಯುವವರು ಯಾರು? ಲಿನಕ್ಸಿನಲ್ಲಿ ಇದಕ್ಕಾಗಿ ಹಲವು ಕಡತಗಳಿವೆ. ಯಂತ್ರವನ್ನು ಬಳಸುವ ಎಲ್ಲರಿಗೂ ಅನ್ವಯಿಸುವ ಸಂಗತಿಗಳು ‘ಇಟಿಸಿ’ ಎಂಬ ಕೋಶದೊಳಗಿನ ‘ಎನ್ವಿರಾನ್‌ಮೆಂಟ್’ ಮತ್ತು ‘ಪ್ರೊಫೈಲ್’ ಎಂಬ ಕಡತಗಳಲ್ಲಿರುತ್ತವೆ. ಒಬ್ಬೊಬ್ಬ ಬಳಕೆದಾರನಿಗೆ ಸಂಬಂಧಿಸಿದವು ಅವನವನ ಕೋಶದಲ್ಲಿಯೇ ಇರುತ್ತವೆ. ಅಲ್ಲಿಯೂ ಒಂದು ‘ಪ್ರೊಫೈಲ್’ ಕಡತವಿರಬಹುದು. ಆಜ್ಞೆಗಳನ್ನು ಸ್ವೀಕರಿಸಿ ನಡೆಸಿಕೊಡುವ ಕ್ರಮವಿಧಿಗೆ ಶೆಲ್ ಎಂದು ಹೆಸರು. ಅನೇಕ ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಲ್ಲಿರುವ ಶೆಲ್ ‘ಬ್ಯಾಷ್’. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದಾಗಲೆಲ್ಲ ಹೊಸದೊಂದು ಬ್ಯಾಷ್ ಹುಟ್ಟಿ, ಬಳಕೆದಾರನ ಕೋಶದಲ್ಲಿರುವ ‘ಬ್ಯಾಷ್‌ಆರ್‌ಸಿ’ ಎಂಬ ಕಡತವನ್ನು ಸಾಮಾನ್ಯವಾಗಿ ಓದಿಕೊಳ್ಳುತ್ತದೆ. ಈ ಸ್ವಂತ ಕಡತಗಳ ಹೆಸರು ಚುಕ್ಕೆಯಿಂದ ಆರಂಭವಾಗುವುದರಿಂದ ಕೋಶವನ್ನು ತೆರೆದಾಗ ಅವು ಮೇಲುನೋಟಕ್ಕೆ ಕಾಣುವುದಿಲ್ಲ. ಹೊಲದ ಗಡ್ಡೆ ನೆಲದೊಳಗೆ ಅಡಗಿರುವಂತೆ ಇವು ಅಡಗಿರುತ್ತವೆ.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಶಾಲೆಯ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಬಾಯಿಂದ ಕೇಳಿದ ಕಥೆಗಳನ್ನು ಶಾಲೆಯ ಲಿನಕ್ಸ್ ಗಣಕದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾರೆಂದು ಭಾವಿಸಿರಿ. ಒಂದು ಕಡತಕ್ಕೆ ‘ಕಥೆ’ ಎಂದೇ ಹೆಸರು. ಚಿತ್ರಗಳ ಮೂಲಕ ಕೋಶಗಳನ್ನು ತೋರಿಸುವ ಕಿಟಕಿಯಲ್ಲಿ ಆ ಹೆಸರು ಸರಿಯಾಗಿಯೇ ಇದೆ. ಆದರೆ ಟರ್ಮಿನಲ್ಲಿನಲ್ಲಿ ಕಡತಗಳ ಪಟ್ಟಿಯನ್ನು ಕೇಳುವ ‘ಎಲ್‌ಎಸ್’ ಎಂಬ ಆಜ್ಞೆಯನ್ನು ಕೊಟ್ಟರೆ ‘ಕಥೆ’ಯ ಬದಲು 340, 262, 225 ಎಂದು ಆರಂಭವಾಗುವ ಒಂಬತ್ತು ಸಂಖ್ಯೆಗಳು ಕಾಣಿಸುತ್ತವೆ. ಇದನ್ನು ಕಂಡವರು ಕಡತವೇ ಕೆಟ್ಟುಹೋಗಿದೆಯೆಂದು ತಿಳಿದು ಅದನ್ನು ಅಳಿಸಿಬಿಡುವ ಸಂಭವವುಂಟು. ಹಾಗೆ ಮಾಡಿದರೆ ಹಿರಿಯರ ಬಾಯಿಂದ ಬಂದ ಕಥೆ ನಷ್ಟವಾಗುತ್ತದೆ. ಆ ಹಿರಿಯರು ಇಲ್ಲವಾದ ಮೇಲೆ ಅದನ್ನು ಮತ್ತೆ ಕೇಳಿ ಬರೆದುಕೊಳ್ಳುವುದಕ್ಕೂ ಆಗದು.

ವಾಸ್ತವವಾಗಿ ಕಡತ ಕೆಟ್ಟಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಮೂಲಚಿಹ್ನೆಯೂ ಮೂರು ಬೈಟುಗಳಲ್ಲಿ ಸಂಗ್ರಹವಾಗುತ್ತದೆ. ‘ಕಥೆ’ ಎಂಬ ಪದದಲ್ಲಿ ಕಕಾರ, ಥಕಾರ ಮತ್ತು ಎಕಾರದ ಗುಣಿತಚಿಹ್ನೆ ಎಂದು ಮೂರು ಚಿಹ್ನೆಗಳಿವೆ. ಒಟ್ಟು ಒಂಬತ್ತು ಬೈಟುಗಳಾದವು. 340, 262, 225 ಎಂಬುವು ಕಕಾರದ ಮೂರು ಬೈಟುಗಳ ಬೆಲೆಯನ್ನು ಅಷ್ಟಮಾನ ಸಂಖ್ಯಾಪದ್ಧತಿಯಲ್ಲಿ ಬರೆದಾಗ ದೊರೆಯುವ ಸಂಖ್ಯೆಗಳು. ಅಂದರೆ ಅಕ್ಷರಗಳು ಇದ್ದಲ್ಲಿಯೇ ಭದ್ರವಾಗಿವೆ. ಅವನ್ನು ಕನ್ನಡವೆಂದು ಓದಬೇಕೆಂಬ ಸೂಚನೆ ಮಾತ್ರ ‘ಎಲ್‌ಎಸ್’ ಕ್ರಮವಿಧಿಗೆ ತಲುಪಿಲ್ಲ. ಈ ಸೂಚನೆಯನ್ನು ಒಯ್ಯುವುದು ಪರಿಸರ. ಆದುದರಿಂದ ದೋಷವನ್ನು ಪರಿಸರದಲ್ಲಿಯೇ ಹುಡುಕಬೇಕು.

ಮೊದಲ ಹೆಜ್ಜೆ ನೋಡುವುದು. ‘ಪ್ರಿಂಟ್‌ಎನ್ವ್’ ಎಂಬ ಆಜ್ಞೆಯನ್ನು ಕೊಟ್ಟರೆ ಪರಿಸರದ ಪಟ್ಟಿಯೆಲ್ಲ ಕಣ್ಣಮುಂದೆ ಬರುತ್ತದೆ. ನಮ್ಮ ಉದಾಹರಣೆಯ ಗಣಕದಲ್ಲಿ ‘ಲ್ಯಾಂಗ್’ ಎಂಬ ಚರದಲ್ಲಿ ಕನ್ನಡವೆಂದೇ ಇದೆ. ಆದರೆ ‘ಎಲ್‌ಸಿ ಆಲ್’ ಎಂಬ ಇನ್ನೊಂದು ಚರವಿದ್ದು, ಅದರ ಬೆಲೆ ‘ಸಿ’ ಎಂಬ ಒಂದೇ ಅಕ್ಷರವಾಗಿದೆ. ‘ಎಲ್‌ಸಿ ಆಲ್’ ಚರವು ‘ಲ್ಯಾಂಗ್’ ಚರಕ್ಕಿಂತ ಪ್ರಬಲವಾದುದು. ಎರಡೂ ಇದ್ದಾಗ ಅದರ ಮಾತೇ ನಡೆಯುತ್ತದೆ. ‘ಸಿ’ ಎಂಬ ಬೆಲೆಯ ಅರ್ಥವಾದರೋ, ಯಾವ ಭಾಷೆಯ ವಿಶೇಷ ನಿಯಮಗಳನ್ನೂ ಅನುಸರಿಸದೆ ಹಳೆಯ ಮೂಲಪದ್ಧತಿಯಂತೆ ನಡೆಯಬೇಕೆಂಬುದು. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಸ್ಥಾನವಿದೆ, ಕನ್ನಡಕ್ಕಿಲ್ಲ.

ಎರಡನೆಯ ಹೆಜ್ಜೆ ಸಂದೇಹವನ್ನು ಪರೀಕ್ಷೆಗೊಡ್ಡುವುದು. ‘ಅನ್‌ಸೆಟ್’ ಎಂಬ ಆಜ್ಞೆಯ ಮುಂದೆ ಚರದ ಹೆಸರನ್ನು ಬರೆದರೆ, ಆ ಶೆಲ್ಲಿನ ಪಟ್ಟಿಯಿಂದ ಆ ಚರ ಅಳಿಸಿಹೋಗುತ್ತದೆ. ಬಳಿಕ ಮತ್ತೆ ‘ಎಲ್‌ಎಸ್’ ಆಜ್ಞೆಯನ್ನು ಕೊಟ್ಟು ನೋಡಬೇಕು. ‘ಕಥೆ’ ಎಂಬ ಹೆಸರು ಕನ್ನಡದಲ್ಲಿಯೇ ಕಾಣಿಸಿಕೊಂಡರೆ ತೊಂದರೆಗೆ ಕಾರಣ ಆ ಚರವೇ ಎಂಬುದು ಸಿದ್ಧವಾಯಿತು. ಆದರೆ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಹೊಸ ಟರ್ಮಿನಲ್ ತೆರೆದರೆ ಅದೇ ಸಂಖ್ಯೆಗಳು ಮತ್ತೆ ಎದುರಾಗುತ್ತವೆ. ನಾವು ಕೊಯ್ದದ್ದು ಗರಿಯನ್ನು. ಗಡ್ಡೆ ಇನ್ನೂ ನೆಲದಲ್ಲಿದೆ.

ಮೂರನೆಯ ಹೆಜ್ಜೆ ಚರವು ಬಂದ ದಾರಿಯನ್ನು ತಿಳಿಯುವುದು. ಇದಕ್ಕೆ ಎರಡೇ ದಾರಿಗಳುಂಟು. ಶೆಲ್ ಅದನ್ನು ತಾಯಿಪ್ರಕ್ರಿಯೆಯಿಂದ ಹುಟ್ಟುವಾಗಲೇ ಪಡೆದಿರಬೇಕು. ಇಲ್ಲವೆ ಹುಟ್ಟಿದ ಮೇಲೆ ಯಾವುದೋ ಕಡತವನ್ನು ಓದಿ ಕಲಿತಿರಬೇಕು. ಈ ಎರಡರಲ್ಲಿ ಯಾವುದೆಂದು ನಿರ್ಧರಿಸಲು ಲಿನಕ್ಸ್ ಒಂದು ಒಳ್ಳೆಯ ಸಾಧನವನ್ನು ಒದಗಿಸಿದೆ. ‘ಪ್ರಾಕ್’ ಎಂಬ ವಿಶೇಷ ಕೋಶದಲ್ಲಿ ಪ್ರತಿಯೊಂದು ಪ್ರಕ್ರಿಯೆಗೂ ಅದರ ಸಂಖ್ಯೆಯ ಹೆಸರಿನ ಉಪಕೋಶವಿದೆ. ಅದರೊಳಗಿನ ‘ಎನ್ವಿರಾನ್’ ಎಂಬ ಕಡತವು ಆ ಪ್ರಕ್ರಿಯೆಗೆ ಆರಂಭದಲ್ಲಿ ದೊರೆತ ಪಟ್ಟಿಯನ್ನು ತೋರಿಸುತ್ತದೆ. ಆಮೇಲೆ ಶೆಲ್ ತಾನಾಗಿ ಸೇರಿಸಿಕೊಂಡದ್ದು ಅಲ್ಲಿ ಕಾಣದು. ಹುಟ್ಟಿದಾಗ ಬರೆದ ಜಾತಕದಲ್ಲಿ ಮುಂದೆ ಕಲಿತ ವಿದ್ಯೆಯ ದಾಖಲೆ ಇಲ್ಲದಂತೆಯೇ ಇದು. ಹೊಸ ಟರ್ಮಿನಲ್ಲಿನ ಶೆಲ್ಲಿನಲ್ಲಿ ಈ ಕಡತವನ್ನು ‘ಪ್ರಿಂಟ್‌ಎನ್ವ್’ ಕೊಟ್ಟ ಪಟ್ಟಿಯೊಡನೆ ಹೋಲಿಸಬೇಕು. ಎರಡರಲ್ಲಿಯೂ ‘ಎಲ್‌ಸಿ ಆಲ್’ ಇದ್ದರೆ ಅದು ಮೇಲಿನಿಂದ ಬಂದದ್ದು. ಆಗ ‘ಎನ್ವಿರಾನ್‌ಮೆಂಟ್’, ‘ಪ್ರೊಫೈಲ್’ ಮೊದಲಾದ ಕಡತಗಳ ಕಡೆಗೆ ತಿರುಗಬೇಕು. ನಮ್ಮ ಉದಾಹರಣೆಯಲ್ಲಿ ಅದು ‘ಪ್ರಿಂಟ್‌ಎನ್ವ್’ ಪಟ್ಟಿಯಲ್ಲಿ ಮಾತ್ರವಿದೆ. ಆದುದರಿಂದ ಶೆಲ್ ಅದನ್ನು ಹುಟ್ಟಿದ ಮೇಲೆ, ತಾನು ಓದಿದ ಕಡತದಿಂದಲೇ ಪಡೆದಿದೆ. ಚಿತ್ರಗಳ ಕಿಟಕಿಯಲ್ಲಿ ಹೆಸರು ಸರಿಯಾಗಿದ್ದುದೇಕೆಂಬುದೂ ಈಗ ತಿಳಿಯಿತಲ್ಲವೆ? ಆ ಕಿಟಕಿ ಈ ಶೆಲ್ಲಿನ ಮಗುವಲ್ಲ.

ನಾಲ್ಕನೆಯ ಹೆಜ್ಜೆ ಕಡತವನ್ನು ಗುರುತಿಸುವುದು. ಕಡತಗಳೊಳಗೆ ಒಂದು ಪದವನ್ನು ಹುಡುಕಿಕೊಡುವ ಆಜ್ಞೆಗೆ ‘ಗ್ರೆಪ್’ ಎಂದು ಹೆಸರು. ಅದರ ಸಹಾಯದಿಂದ ‘ಬ್ಯಾಷ್‌ಆರ್‌ಸಿ’ ಕಡತದಲ್ಲಿ ‘ಎಲ್‌ಸಿ ಆಲ್’ ಎಂಬ ಹೆಸರನ್ನು ಹುಡುಕಬೇಕು. ಬಹುಮಟ್ಟಿಗೆ ಇಷ್ಟರಲ್ಲಿಯೇ ಮೂಲ ಸಿಗುತ್ತದೆ. ಕೆಲವೊಮ್ಮೆ ಸಿಗುವುದಿಲ್ಲ. ಏಕೆಂದರೆ ಆ ಕಡತದಲ್ಲಿ ಇನ್ನೊಂದು ಕಡತವನ್ನು ಓದೆಂದು ಹೇಳುವ ಸಾಲಿರಬಹುದು. ಚರವನ್ನು ನಿಜವಾಗಿ ಬರೆದಿರುವುದು ಆ ಎರಡನೆಯ ಕಡತದಲ್ಲಿ. ಆಗ ಬ್ಯಾಷ್ ಶೆಲ್ಲನ್ನು ‘ಎಕ್ಸ್’ ಎಂಬ ಗುರುತಿನೊಡನೆ ಹೊಸದಾಗಿ ನಡೆಸಬೇಕು. ಈ ಗುರುತನ್ನು ಕೊಟ್ಟರೆ ಶೆಲ್ ತಾನು ನಡೆಸುವ ಒಂದೊಂದು ಆಜ್ಞೆಯನ್ನೂ ತೆರೆಯ ಮೇಲೆ ಬರೆದು ತೋರಿಸುತ್ತದೆ. ‘ಪಿಎಸ್4’ ಎಂಬ ಚರವನ್ನು ತಕ್ಕಂತೆ ಹೊಂದಿಸಿದರೆ, ಆ ಆಜ್ಞೆ ಯಾವ ಕಡತದ ಎಷ್ಟನೆಯ ಸಾಲಿನಲ್ಲಿದೆ ಎಂಬುದನ್ನೂ ಹೇಳುತ್ತದೆ. ಹೀಗೆ ಹೆಜ್ಜೆಗುರುತು ಹಿಡಿದು ನಡೆದರೆ ಕಳೆಯ ಗಡ್ಡೆ ಇರುವ ನೆಲ ನಿಸ್ಸಂದೇಹವಾಗಿ ತಿಳಿಯುತ್ತದೆ.

ಮೂಲ ಸಿಕ್ಕಿದೊಡನೆ ಅದನ್ನು ಕಿತ್ತೊಗೆಯಲು ಆತುರಪಡಬಾರದು. ಈ ಸಾಲನ್ನು ಯಾರು, ಯಾವ ಉದ್ದೇಶದಿಂದ ಬರೆದರು ಎಂದು ಮೊದಲು ವಿಚಾರಿಸಬೇಕು. ‘ಸಿ’ ಪದ್ಧತಿಯಲ್ಲಿ ಪದಗಳನ್ನು ಅನುಕ್ರಮವಾಗಿ ಜೋಡಿಸಿದಾಗ ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಮೊದಲು ಬಂದು ಸಣ್ಣಕ್ಷರಗಳು ಆಮೇಲೆ ಬರುತ್ತವೆ. ಯಾವುದೋ ಒಂದು ಪಟ್ಟಿಯನ್ನು ಹೀಗೆ ಜೋಡಿಸಬೇಕಾಗಿದ್ದವರು ಈ ಸಾಲನ್ನು ಸೇರಿಸಿರಬಹುದು. ಅವರ ಅಗತ್ಯ ನ್ಯಾಯವಾದುದೇ. ಆರಿಸಿಕೊಂಡ ಸ್ಥಳ ಮಾತ್ರ ಸರಿಯಲ್ಲ. ಒಂದು ದಿನದ ಕೆಲಸಕ್ಕಾಗಿ ಎಲ್ಲ ದಿನಗಳಿಗೂ ಅನ್ವಯಿಸುವ ಕಡತದಲ್ಲಿ ಬರೆದುದರಿಂದ ಕನ್ನಡದ ಓದಿಗೆ ಅಡ್ಡಿಯಾಯಿತು. ಚರವನ್ನೂ ಅದರ ಬೆಲೆಯನ್ನೂ ಒಂದು ಆಜ್ಞೆಯ ಹಿಂದೆ, ಅದೇ ಸಾಲಿನಲ್ಲಿ ಬರೆದರೆ ಅದು ಆ ಒಂದು ಆಜ್ಞೆಗೆ ಮಾತ್ರ ಅನ್ವಯಿಸಿ ಅಲ್ಲಿಗೇ ಮುಗಿಯುತ್ತದೆ. ಅವರ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಹೀಗೆ ವಿಚಾರಿಸಿದರೆ ಕಳೆಯನ್ನು ತೆಗೆಯುವುದರೊಂದಿಗೆ ಅದನ್ನು ಬಿತ್ತಿದವರ ಅಗತ್ಯವನ್ನೂ ಪೂರೈಸಬಹುದು.

ಐದನೆಯ ಹೆಜ್ಜೆ ತೆಗೆಯುವುದು. ಮೊದಲು ಆ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಕಾಪಾಡಿಟ್ಟುಕೊಳ್ಳಬೇಕು. ಅನಂತರ ಸಾಲನ್ನು ಅಳಿಸುವ ಬದಲು ಅದರ ಮೊದಲಲ್ಲಿ ‘ಹ್ಯಾಷ್’ ಚಿಹ್ನೆಯನ್ನು ಇಡುವುದು ಒಳ್ಳೆಯದು. ಈ ಚಿಹ್ನೆ ಇರುವ ಸಾಲನ್ನು ಶೆಲ್ ಟಿಪ್ಪಣಿಯೆಂದು ಭಾವಿಸಿ ಬಿಟ್ಟುಬಿಡುತ್ತದೆ. ನಮ್ಮ ನಿರ್ಣಯ ತಪ್ಪಾಗಿದ್ದರೆ ಚಿಹ್ನೆಯನ್ನು ತೆಗೆದು ಮೊದಲಿನ ಸ್ಥಿತಿಗೆ ಮರಳಬಹುದು.

ಆರನೆಯದೂ ಕೊನೆಯದೂ ಆದ ಹೆಜ್ಜೆ ಪರಿಶೀಲನೆ. ಹೊಸ ಟರ್ಮಿನಲ್ಲನ್ನು ತೆರೆದು ‘ಪ್ರಿಂಟ್‌ಎನ್ವ್’ ಆಜ್ಞೆಯಿಂದ ಚರ ಇಲ್ಲವೆಂಬುದನ್ನೂ, ‘ಎಲ್‌ಎಸ್’ ಆಜ್ಞೆಯಿಂದ ‘ಕಥೆ’ ಸರಿಯಾಗಿ ಕಾಣುವುದನ್ನೂ ಖಚಿತಪಡಿಸಿಕೊಳ್ಳಬೇಕು. ಮೊದಲೇ ತೆರೆದಿದ್ದ ಟರ್ಮಿನಲ್ಲುಗಳು ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತವೆ. ಅವನ್ನು ಮುಚ್ಚಿ ತೆರೆಯಬೇಕು. ಚರವು ‘ಎನ್ವಿರಾನ್‌ಮೆಂಟ್’ ಅಥವಾ ‘ಪ್ರೊಫೈಲ್’ ಕಡತದಿಂದ ಬಂದಿದ್ದ ಪಕ್ಷದಲ್ಲಿ ಬಳಕೆದಾರನು ಯಂತ್ರದಿಂದ ಹೊರಬಂದು ಮತ್ತೆ ಒಳಹೋಗಬೇಕಾಗುತ್ತದೆ.

ಎಲ್ಲ ಚರಗಳೂ ಕಳೆಗಳಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ‘ಪಾತ್’ ಎಂಬ ಚರವನ್ನು ಬೇಡವೆಂದು ತೆಗೆದರೆ, ಕಡತಗಳ ಪಟ್ಟಿ ಕೊಡುವ ಸಾಮಾನ್ಯ ಆಜ್ಞೆಯೂ ಶೆಲ್ಲಿಗೆ ಸಿಗದಂತಾಗುತ್ತದೆ. ಕ್ರಮವಿಧಿ ಯಂತ್ರದಲ್ಲಿಯೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಮಾತ್ರ ಮರೆತುಹೋಗಿರುತ್ತದೆ. ಹಾಗೆಂದು ಭಯಪಡಬೇಕಾಗಿಲ್ಲ. ಆ ಟರ್ಮಿನಲ್ಲನ್ನು ಮುಚ್ಚಿ ಹೊಸದನ್ನು ತೆರೆದರೆ ಪಟ್ಟಿ ಮತ್ತೆ ಬರುತ್ತದೆ. ಆದರೆ ಮೂಲಕಡತದಲ್ಲಿಯೇ ‘ಪಾತ್’ ಕೆಡಿಸಿದರೆ ಹೊಸ ಟರ್ಮಿನಲ್ಲುಗಳೂ ಕೆಡುತ್ತವೆ. ಮೊದಲು ಶೆಲ್ಲಿನಲ್ಲಿ ಪರೀಕ್ಷಿಸಿ, ಆಮೇಲೆ ಕಡತವನ್ನು ಮುಟ್ಟಬೇಕೆಂಬುದಕ್ಕೆ ಇದೇ ಕಾರಣ.

ಪರಿಸರದ ಪಟ್ಟಿಯಲ್ಲಿ ಏನಿದೆಯೆಂಬುದನ್ನು ಅಲಕ್ಷಿಸಿದರೆ ಎಂತಹ ಅಪಾಯ ಒದಗಬಹುದೆಂಬುದನ್ನು 2014ರ ಸೆಪ್ಟೆಂಬರ್ ತಿಂಗಳಲ್ಲಿ ಜಗತ್ತು ಕಂಡಿತು. ಸ್ಟೆಫಾನ್ ಶಾಜೆಲಾಸ್ ಎಂಬ ತಂತ್ರಜ್ಞರು ಬ್ಯಾಷ್ ಶೆಲ್ಲಿನಲ್ಲಿ ಒಂದು ದೋಷವನ್ನು ಪತ್ತೆಹಚ್ಚಿದರು. ಅದಕ್ಕೆ ‘ಶೆಲ್‌ಶಾಕ್’ ಎಂಬ ಹೆಸರು ಬಂದಿತು. ಬ್ಯಾಷ್ ಆರಂಭವಾಗುವಾಗ ಪರಿಸರ ಚರದ ಬೆಲೆಯಲ್ಲಿ ಒಂದು ವಿಶೇಷ ರೀತಿಯ ಬರಹವಿದ್ದರೆ, ಅದರ ಬೆನ್ನಿಗೆ ಅಂಟಿಸಿದ ಆಜ್ಞೆಗಳನ್ನೂ ವಿವೇಚನೆಯಿಲ್ಲದೆ ನಡೆಸಿಬಿಡುತ್ತಿತ್ತು. ಅಂತರ್ಜಾಲದ ಕೆಲವು ಯಂತ್ರಗಳು ದೂರದಿಂದ ಬಂದವರು ಕಳುಹಿಸಿದ ಮಾತುಗಳನ್ನು ಪರಿಸರ ಚರಗಳಲ್ಲಿ ಇರಿಸಿ ಮುಂದಿನ ಕ್ರಮವಿಧಿಗೆ ಒಪ್ಪಿಸುತ್ತಿದ್ದವು. ಹೀಗಾಗಿ ಎಲ್ಲಿಯೋ ಕುಳಿತ ಅಪರಿಚಿತನು ಇನ್ನೊಬ್ಬರ ಯಂತ್ರದಲ್ಲಿ ತನ್ನ ಆಜ್ಞೆಯನ್ನು ನಡೆಸಬಹುದಾಗಿತ್ತು. 1989ರಿಂದಲೂ ಬ್ಯಾಷಿನೊಳಗೆ ಅಡಗಿದ್ದ ಈ ದೋಷ ಇಪ್ಪತ್ತೈದು ವರ್ಷಗಳ ಕಾಲ ಬಹಿರಂಗಕ್ಕೆ ಬಂದಿರಲಿಲ್ಲ. ಬಳಿಕ ಅದನ್ನು ಸರಿಪಡಿಸಲಾಯಿತು. ಗುಪ್ತಪದಗಳನ್ನು ಪರಿಸರ ಚರಗಳಲ್ಲಿ ಬರೆದಿಡುವವರೂ ಎಚ್ಚರವಹಿಸಬೇಕು. ತಾಯಿಯ ಪಟ್ಟಿ ಮಗುವಿಗೆ ನಕಲಾಗುವ ನಿಯಮದಂತೆ ಆ ಗುಟ್ಟು ಅಗತ್ಯವಿಲ್ಲದ ಕ್ರಮವಿಧಿಗಳ ಕೈಗೂ ಸೇರುತ್ತದೆ.

ಹೊರಗೆ ಕಂಡ ಲಕ್ಷಣದಿಂದ ಹೊರಟು ಕಾರಣವನ್ನು ಊಹಿಸಿದೆವು. ಊಹೆಯನ್ನು ಚಿಕ್ಕ ಪರೀಕ್ಷೆಯಿಂದ ದೃಢಪಡಿಸಿಕೊಂಡೆವು. ಬಂದ ದಾರಿಯನ್ನು ಹಿಂದಕ್ಕೆ ಅನುಸರಿಸಿ ಮೂಲವನ್ನು ಮುಟ್ಟಿದೆವು. ಅದರ ಉದ್ದೇಶವನ್ನು ವಿಚಾರಿಸಿ, ಮರಳುವ ದಾರಿಯನ್ನು ಉಳಿಸಿಕೊಂಡು ಅದನ್ನು ತೆಗೆದೆವು. ರೋಗಿಯನ್ನು ಪರೀಕ್ಷಿಸುವ ವೈದ್ಯನೂ ಕೆರೆಯ ಏರಿಯಲ್ಲಿ ನೀರು ಸೋರುವ ತಾಣವನ್ನು ಹುಡುಕುವ ನೀರುಗಂಟಿಯೂ ಈ ಕ್ರಮವನ್ನೇ ಅನುಸರಿಸುತ್ತಾರೆ. ನಮ್ಮ ಉದಾಹರಣೆಯ ವಿದ್ಯಾರ್ಥಿಗಳು ಸಂಖ್ಯೆಗಳನ್ನು ಕಂಡು ಬೆದರಿ ಕಡತವನ್ನು ಅಳಿಸಿದ್ದರೆ ದೋಷ ಹಾಗೆಯೇ ಉಳಿದು ಕಥೆ ಮಾತ್ರ ಹೋಗುತ್ತಿತ್ತು. ತಾಳ್ಮೆಯಿಂದ ಮೂಲವನ್ನು ಹುಡುಕಿದುದರಿಂದ ದೋಷ ಹೋಯಿತು, ಕಥೆ ಉಳಿಯಿತು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಣಕದ ‘ಪರಿಸರ’ವೆಂದರೇನು?
2. ಪರಿಸರ ಚರಗಳು ಯೂನಿಕ್ಸಿನ ಯಾವ ಆವೃತ್ತಿಯಲ್ಲಿ ಬಳಕೆಗೆ ಬಂದವು?
3. ‘ಹ್ಯಾಷ್’ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ಶೆಲ್ ಏನೆಂದು ಭಾವಿಸುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಕಥೆ’ ಎಂಬ ಹೆಸರಿನ ಬದಲು ಒಂಬತ್ತು ಸಂಖ್ಯೆಗಳು ಕಾಣಿಸಿದುದೇಕೆ?
2. ‘ಅನ್‌ಸೆಟ್’ ಆಜ್ಞೆಯನ್ನು ಕೊಟ್ಟ ಮೇಲೂ ಹೊಸ ಟರ್ಮಿನಲ್ಲಿನಲ್ಲಿ ಚರ ಮರಳಿ ಬಂದುದಕ್ಕೆ ಕಾರಣವನ್ನು ತಿಳಿಸಿರಿ.
3. ಮೂಲ ಸಿಕ್ಕಿದೊಡನೆ ಅದನ್ನು ತೆಗೆಯಲು ಏಕೆ ಆತುರಪಡಬಾರದು?

ಇ) ‘ಶೆಲ್‌ಶಾಕ್’ ದೋಷದ ಸ್ವರೂಪವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ದೊಡ್ಡಕ್ಷರ, ಬಂದಿರಲಿಲ್ಲ, ಊರಿನಲ್ಲಿ, ಇನ್ನೊಂದು.

ಉ) ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಪತ್ತೆಹಚ್ಚು, ಹೆಜ್ಜೆಗುರುತು, ಪರೀಕ್ಷೆಗೊಡ್ಡು, ಕಿತ್ತೊಗೆ.